ಮುರಿದುಕೊಂಡ ಒಂದು ಪರ್ಸೆಂಟ್

ಪೀಣ್ಯದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಚಿಕ್ಕ ಪಾಲುದಾರಿಕೆ ಸಂಸ್ಥೆ ಇದೆ ಎಂದುಕೊಳ್ಳಿ. ಇರುವ ಮೆಷಿನ್‌ಗಳು ಸಾಲದೆ, ಎರಡು ರಸ್ತೆ ಆಚೆ ಒಬ್ಬರೇ ನಡೆಸುವ ಲೇತ್ ಶೆಡ್ಡಿಗೆ ಅದು ಜಾಬ್ ವರ್ಕ್ ಕೊಡುತ್ತದೆ. ತಿಂಗಳಿಗೆ 28,000 ರೂಪಾಯಿ ಬಿಲ್. ಏಪ್ರಿಲ್, ಮೇ, ಜೂನ್ ತಿಂಗಳ ಹಣ ಪೂರ್ತಿ ಬಂತು. ಜುಲೈ ಬಿಲ್ಲಿಗೆ ಖಾತೆಗೆ ಬಿದ್ದದ್ದು 26,880.

"ಏನ್ ಸಾರ್, ಈ ಸಲ ಕಮ್ಮಿ ಹಾಕಿದ್ದೀರಲ್ಲ?"

"ಟಿಡಿಎಸ್ ಕಣಪ್ಪ. ಆಡಿಟರ್ ಮುರ್ಕೊಳ್ಳಿ ಅಂದ್ರು."

ಲೆಕ್ಕ ಸರಿಯಾಗಿಯೇ ಇದೆ. ಒಂದೇ ಬಿಲ್ 30,000 ದಾಟಿದರೆ, ಅಥವಾ ಒಬ್ಬ ಗುತ್ತಿಗೆದಾರನಿಗೆ ವರ್ಷದಲ್ಲಿ ಕೊಟ್ಟದ್ದೆಲ್ಲ ಸೇರಿ ಒಂದು ಲಕ್ಷ ದಾಟಿದರೆ ಮೂಲದಲ್ಲೇ ತೆರಿಗೆ ಕಡಿಯಬೇಕು. ಗುತ್ತಿಗೆದಾರ ಒಬ್ಬ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾಗಿದ್ದರೆ 1 ಪರ್ಸೆಂಟ್, ಉಳಿದವರಿಗೆ 2. ನಾಲ್ಕನೇ ಬಿಲ್ಲಿಗೆ ಮೊತ್ತ 1,12,000 ಆಯಿತು. ಮಿತಿ ದಾಟಿದ ಮೇಲೆ ದಾಟಿದ 12,000ಕ್ಕಷ್ಟೇ ಅಲ್ಲ, ಮೊದಲ ರೂಪಾಯಿಯಿಂದಲೇ ಕಡಿತ. ಹಾಗಾಗಿ ಒಂದೇ ಏಟಿಗೆ 1,120 ರೂಪಾಯಿ ಹೋಯಿತು. ಶೆಡ್ಡಿನ ಯಜಮಾನರಿಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಆ ಹಣ ತನ್ನದೇ, ಸರ್ಕಾರದಲ್ಲಿ ತನ್ನ ಹೆಸರಿನಲ್ಲಿ ಜಮೆಯಾಗಬೇಕಾದದ್ದು ಎಂಬುದನ್ನಂತೂ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಸಣ್ಣ ಉದ್ದಿಮೆಯೊಂದು ಹೊರಗಿನ ಗುತ್ತಿಗೆದಾರನಿಗೆ, ಕುಶಲಕರ್ಮಿಗೆ, ಫ್ರೀಲಾನ್ಸರ್‌ಗೆ ಹಣ ಕೊಟ್ಟಾಗ ಸರ್ಕಾರಕ್ಕೆ ಏನು ವರದಿ ಮಾಡಬೇಕು, ಯಾರು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಫೌಂಡ್ರಿಗಳಿಂದ ಹಿಡಿದು ಮನೆಯಲ್ಲಿ ಕುಳಿತು ಡಿಸೈನ್ ಮಾಡುವ ಹುಡುಗಿಯವರೆಗೆ ಎಲ್ಲರನ್ನೂ ಮುಟ್ಟುತ್ತದೆ. ಆದರೂ ಇದನ್ನು ಆಡಿಟರ್ ನೋಡಿಕೊಳ್ಳುವ ಸಂಗತಿ ಎಂದು ಬಿಟ್ಟುಬಿಡುವವರೇ ಹೆಚ್ಚು. ಈ ವ್ಯವಸ್ಥೆಯಲ್ಲಿ ವರದಿ ಮುಖ್ಯ, ಕಡಿತ ಗೌಣ. ನಮ್ಮ ಕಾನೂನು ಕಡಿತಕ್ಕೆ ಕೊಟ್ಟ ಬಲವನ್ನು ವರದಿಯಿಂದ ಸಿಗಬೇಕಾದ ಹಕ್ಕಿಗೆ ಕೊಟ್ಟಿಲ್ಲ. ಅದರ ಪೆಟ್ಟು ಬೀಳುವುದು ಸಣ್ಣವರಿಬ್ಬರಿಗೆ, ಹಣ ಕೊಡುವ ಸಣ್ಣವನಿಗೂ ಪಡೆಯುವ ಸಣ್ಣವನಿಗೂ.

ಗುತ್ತಿಗೆದಾರರ ಟಿಡಿಎಸ್ ಹೊಸತಲ್ಲ. 1961ರ ಆದಾಯ ತೆರಿಗೆ ಕಾಯ್ದೆಗೆ ಸೆಕ್ಷನ್ 194ಸಿ ಸೇರಿದ್ದು 1972ರಲ್ಲಿ. ಆಗ ಗುರಿ ಇದ್ದದ್ದು ಸರ್ಕಾರ, ಸ್ಥಳೀಯ ಸಂಸ್ಥೆ, ಕಂಪನಿಗಳಿಂದ ದೊಡ್ಡ ಕಾಮಗಾರಿ ಹಿಡಿದು, ಬಿಲ್ ಪಾಸಾದ ಮೇಲೆ ತೆರಿಗೆ ಇಲಾಖೆಯ ಕೈಗೆ ಸಿಗದ ಗುತ್ತಿಗೆದಾರರು. ಆಮೇಲೆ ಹಂತಹಂತವಾಗಿ ಪಾಲುದಾರಿಕೆ ಸಂಸ್ಥೆಗಳು, ದೊಡ್ಡ ವಹಿವಾಟಿನ ವ್ಯಕ್ತಿಗಳು ಎಲ್ಲರೂ ಬಲೆಯೊಳಗೆ ಬಂದರು. ಡಾಕ್ಟರು, ವಕೀಲರು, ಎಂಜಿನಿಯರುಗಳಂಥ ವೃತ್ತಿಪರರ ಶುಲ್ಕಕ್ಕೆ 194ಜೆ ಬಂದದ್ದು 1995ರಲ್ಲಿ. ಕಡಿತ ಎಷ್ಟರ ಮೇಲೆ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 1993ರ ಅಸೋಸಿಯೇಟೆಡ್ ಸಿಮೆಂಟ್ ಪ್ರಕರಣದಲ್ಲಿ ಇತ್ಯರ್ಥವಾಯಿತು. ಲಾಭದ ಭಾಗದ ಮೇಲಲ್ಲ, ಕೊಡುವ ಇಡೀ ಮೊತ್ತದ ಮೇಲೆ ಕಡಿಯಬೇಕು ಎಂದಿತು ನ್ಯಾಯಾಲಯ. ಐದು ಲಕ್ಷದ ಪೇಂಟಿಂಗ್ ಗುತ್ತಿಗೆಯಲ್ಲಿ ಬಣ್ಣಕ್ಕೆ, ಕೂಲಿಗೆ ನಾಲ್ಕೂಕಾಲು ಲಕ್ಷ ಖರ್ಚಾಗಿದ್ದರೂ ಒಂದು ಪರ್ಸೆಂಟ್ ಐದು ಲಕ್ಷದ ಮೇಲೆಯೇ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸಂಬಳದ ಹೊರತಾದ ಟಿಡಿಎಸ್ ಬಾಬುಗಳೆಲ್ಲ ಈಗ 393ನೇ ಸೆಕ್ಷನ್ನಿನ ಕೋಷ್ಟಕಗಳಲ್ಲಿ ಒಟ್ಟಿಗೆ ಕೂತಿವೆ. ಓದಲು ಇದು ಸುಲಭ, ಒಪ್ಪಬೇಕು. ಆದರೆ ಆಡಿಟರ್ ಕಚೇರಿಗಳಲ್ಲಿ ಜನ ಇನ್ನೂ 194ಸಿ, 194ಜೆ, 26ಕ್ಯೂ ಎಂದೇ ಮಾತಾಡುವುದರಿಂದ ನಾನೂ ಆ ಹೆಸರುಗಳನ್ನೇ ಇಲ್ಲಿ ಬಳಸುತ್ತೇನೆ. ಅವುಗಳ ಹಿಂದಿನ ತತ್ವ ಬದಲಾಗಿಲ್ಲ.

ಕಡಿಯುವ ಹೊಣೆ ಯಾರದು ಎಂಬಲ್ಲೇ ಮೊದಲ ಅಸಮಾನತೆ ಇದೆ. ಒಬ್ಬನೇ ಮಾಲೀಕನಾಗಿರುವ ವ್ಯಾಪಾರಿಗೆ ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿದ್ದರೆ ಮಾತ್ರ ಈ ಹೊಣೆ. ವೃತ್ತಿಪರನಾದರೆ 50 ಲಕ್ಷ. ಅದರೊಳಗಿದ್ದರೆ ಯಾರಿಗೆ ಎಷ್ಟು ಕೊಟ್ಟರೂ ಸಾಮಾನ್ಯವಾಗಿ ಕಡಿಯಬೇಕಿಲ್ಲ. ಒಬ್ಬನಿಗೇ ವರ್ಷದಲ್ಲಿ 50 ಲಕ್ಷಕ್ಕೂ ಹೆಚ್ಚು ಕೊಟ್ಟರೆ ಮಾತ್ರ 194ಎಂ ಎಂಬ ಬೇರೆ ನಿಯಮ. ಅದರ ದರ ಮೊದಲು 5 ಪರ್ಸೆಂಟ್ ಇದ್ದದ್ದು 2024ರ ಅಕ್ಟೋಬರಿನಿಂದ 2 ಆಗಿದೆ. ಆದರೆ ಅಣ್ಣ ತಮ್ಮ ಸೇರಿ ಒಂದು ಪಾಲುದಾರಿಕೆ ಪತ್ರ ಬರೆಸಿದರೆ ಈ ರಕ್ಷಣೆ ಹೋಯಿತು. ಪಾಲುದಾರಿಕೆ ಸಂಸ್ಥೆಗೆ ವಹಿವಾಟಿನ ಕನಿಷ್ಠ ಮಿತಿಯೇ ಇಲ್ಲ. ವರ್ಷಕ್ಕೆ 20 ಲಕ್ಷ ವಹಿವಾಟಿನ ಸಂಸ್ಥೆ ತನ್ನ ವೆಲ್ಡಿಂಗ್ ಗುತ್ತಿಗೆದಾರನಿಂದ ಟಿಡಿಎಸ್ ಮುರಿದುಕೊಳ್ಳಬೇಕು, 99 ಲಕ್ಷ ವಹಿವಾಟಿನ ಪಕ್ಕದ ಮಾಲೀಕ ಮುರಿದುಕೊಳ್ಳಬೇಕಿಲ್ಲ. ಹೊಣೆ ಹೊರುವ ಶಕ್ತಿಗೂ ಪತ್ರದಲ್ಲಿ ಎಷ್ಟು ಜನರ ಹೆಸರಿದೆ ಎಂಬುದಕ್ಕೂ ಏನು ಸಂಬಂಧ? ಇದಕ್ಕೆ ಸಮಾಧಾನಕರ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ. 2025ರ ಏಪ್ರಿಲಿನಿಂದಂತೂ ಸಂಸ್ಥೆ ತನ್ನ ಪಾಲುದಾರರಿಗೇ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ 10 ಪರ್ಸೆಂಟ್ ಕಡಿಯಬೇಕು. ಚಿಕ್ಕ ಪಾಲುದಾರಿಕೆಗಳ ಮೇಲೆ ಮತ್ತೊಂದು ಹೊರೆ.

ಎರಡನೆಯ ತೊಡಕು, ಯಾವ ಕೆಲಸ ಯಾವ ಸೆಕ್ಷನ್ನಿಗೆ ಸೇರುತ್ತದೆ ಎಂಬುದು. 194ಸಿಗೆ 1 ಪರ್ಸೆಂಟ್, 194ಜೆಯ ವೃತ್ತಿಪರ ಶುಲ್ಕಕ್ಕೆ 10. ವ್ಯತ್ಯಾಸ ಹತ್ತು ಪಟ್ಟು. ಲೇತ್ ಶೆಡ್ಡಿನ ವಿಷಯವನ್ನೇ ನೋಡಿ: ಕೆಲಸ ಕೊಟ್ಟವನೇ ಕಬ್ಬಿಣವನ್ನೂ ಕೊಟ್ಟರೆ ಅದು 'ಕೆಲಸ', ಟಿಡಿಎಸ್ ಬೀಳುತ್ತದೆ. ಶೆಡ್ಡಿನವನೇ ಬೇರೆ ಕಡೆಯಿಂದ ಕಬ್ಬಿಣ ತಂದು, ಅಳತೆಗೆ ತಕ್ಕಂತೆ ಮಾಡಿ ಮಾರಿದರೆ ಅದು ಸರಕಿನ ಮಾರಾಟ, 194ಸಿ ಬೀಳುವುದಿಲ್ಲ. ಕಚ್ಚಾ ಮಾಲು ಯಾರದು ಎಂಬ ಒಂದೇ ಪ್ರಶ್ನೆಯ ಮೇಲೆ ಇದು ನಿಂತಿದೆ. ಜಾಹೀರಾತಿನ ಲೋಕದಲ್ಲಿ ಗೊಂದಲ ಇನ್ನೂ ಹೆಚ್ಚು. 1995ರ ಆಗಸ್ಟಿನಲ್ಲೇ ಕೇಂದ್ರ ನೇರ ತೆರಿಗೆ ಮಂಡಳಿ (ಸಿಬಿಡಿಟಿ) ತನ್ನ 715ನೇ ಸುತ್ತೋಲೆಯಲ್ಲಿ ಪ್ರಶ್ನೋತ್ತರ ರೂಪದಲ್ಲಿ ಹಲವು ಅನುಮಾನ ಬಗೆಹರಿಸಲು ನೋಡಿತು. ಅದರ ಪ್ರಕಾರ ಜಾಹೀರಾತು ಏಜೆನ್ಸಿಗೆ ಕೊಡುವ ಹಣ ಗುತ್ತಿಗೆ. ಅದೇ ಏಜೆನ್ಸಿ ನಟರಿಗೆ, ಕ್ಯಾಮೆರಾದವರಿಗೆ, ನಿರ್ದೇಶಕರಿಗೆ ಕೊಡುವ ಹಣ ವೃತ್ತಿಪರ ಶುಲ್ಕ. ಒಂದೇ ಜಾಹೀರಾತಿನ ಹಣ ಎರಡು ಕೈ ದಾಟುವಷ್ಟರಲ್ಲಿ ದರ ಬದಲಾಗುತ್ತದೆ. ತಾಂತ್ರಿಕ ಸೇವೆಗೆ 2020ರಿಂದ 2 ಪರ್ಸೆಂಟ್ ಮಾಡಿದ ಮೇಲೆ 'ತಾಂತ್ರಿಕ'ವೋ 'ವೃತ್ತಿಪರ'ವೋ ಎಂಬ ವಾದ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸದಾಗಿ ಹುಟ್ಟಿಕೊಂಡಿತು.

ಹತ್ತು ಪರ್ಸೆಂಟ್ ಎಂದರೆ ಕೈಯಲ್ಲಿ ಹಣವಿಲ್ಲದವನಿಗೆ ಏನು ಎಂಬುದನ್ನು ಒಂದು ಲೆಕ್ಕದಲ್ಲಿ ಹೇಳಬಹುದು. ಒಳಾಂಗಣ ವಿನ್ಯಾಸ ಮಾಡುವ ಯುವತಿಯೊಬ್ಬರು ವರ್ಷಕ್ಕೆ ಆರು ಲಕ್ಷ ಬಿಲ್ ಮಾಡುತ್ತಾರೆ. ಕೆಲಸ ಕೊಡುವವರೆಲ್ಲ ಕಂಪನಿಗಳು. ಹತ್ತು ಪರ್ಸೆಂಟಿನಂತೆ 60,000 ರೂಪಾಯಿ ಮುರಿದುಹೋಯಿತು. ವೃತ್ತಿಪರರಿಗಿರುವ 44ಎಡಿಎ ಅಂದಾಜು ಪದ್ಧತಿಯಲ್ಲಿ ಅವರ ಆದಾಯ ಬಿಲ್ಲಿನ ಅರ್ಧ, ಅಂದರೆ ಮೂರು ಲಕ್ಷ. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ. ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಅಂದರೆ ಒಂದು ತಿಂಗಳ ದುಡಿಮೆಗೂ ಮೀರಿದ ಹಣ ಸರ್ಕಾರದ ಬಳಿ ಸುಮ್ಮನೆ ಕೂತಿದೆ. ರಿಟರ್ನ್ ಹಾಕಿ, ಅದು ಸಂಸ್ಕರಣೆಯಾಗಿ, ರಿಫಂಡ್ ಬರುವವರೆಗೆ ಕಾಯಬೇಕು. ಏಪ್ರಿಲ್ ತಿಂಗಳ ಬಿಲ್ಲಿನಿಂದ ಮುರಿದ ಹಣ ವಾಪಸ್ ಬರುವ ಹೊತ್ತಿಗೆ ವರ್ಷ ದಾಟಿರುತ್ತದೆ. ಕಡಿತ ಕಡಿಮೆ ಮಾಡಿಸಿಕೊಳ್ಳಲು 197ರ ಪ್ರಮಾಣಪತ್ರ ಎಂಬ ದಾರಿ ಇದೆ. ಆದರೆ ಹಳೆಯ ವರ್ಷಗಳ ಲೆಕ್ಕ, ಈ ವರ್ಷದ ಅಂದಾಜು ಎಲ್ಲ ಒಪ್ಪಿಸಿ ಅಧಿಕಾರಿಯ ಒಪ್ಪಿಗೆ ಪಡೆಯಬೇಕಾದ ಆ ದಾರಿ ದೊಡ್ಡವರಿಗೆ ಹೇಳಿ ಮಾಡಿಸಿದ್ದು. ಮೊದಲ ವರ್ಷದ ಫ್ರೀಲಾನ್ಸರ್ ಅದನ್ನು ತುಳಿಯುವುದು ಅಪರೂಪ.

ಇನ್ನು ಹಣ ಕೊಡುವವನ ಕಡೆ. ಅವನಿಗೆ ಟ್ಯಾನ್ ಎಂಬ ಹತ್ತು ಅಕ್ಷರ-ಅಂಕಿಗಳ ಸಂಖ್ಯೆ ಬೇಕು. ಪ್ರತಿ ತಿಂಗಳು ಮುರಿದದ್ದನ್ನು ಮುಂದಿನ ತಿಂಗಳ 7ರೊಳಗೆ ಚಲನ್ ಕಟ್ಟಬೇಕು. ಮಾರ್ಚ್ ತಿಂಗಳದಕ್ಕೆ ಮಾತ್ರ ಏಪ್ರಿಲ್ 30. ಮೂರು ತಿಂಗಳಿಗೊಮ್ಮೆ 26ಕ್ಯೂ ವಿವರಪಟ್ಟಿ ಸಲ್ಲಿಸಬೇಕು: ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31. ಯಾರ ಪ್ಯಾನ್, ಯಾವ ದಿನ, ಎಷ್ಟು ಕೊಟ್ಟದ್ದು, ಎಷ್ಟು ಕಡಿದದ್ದು ಎಲ್ಲ ಅದರಲ್ಲಿ ಇರಬೇಕು. ಆಮೇಲೆ ಹದಿನೈದು ದಿನದೊಳಗೆ ಗುತ್ತಿಗೆದಾರನಿಗೆ 16ಎ ಪ್ರಮಾಣಪತ್ರ ಕೊಡಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದದ್ದರ ಮೇಲೆ ಕಡಿಯಬೇಕು ಎಂದು 2017ರ ಜುಲೈನಲ್ಲಿ ಸಿಬಿಡಿಟಿ ಹೇಳಿದೆ. ಆದರೂ ಒಟ್ಟು ಮೊತ್ತದ ಮೇಲೆ ಮುರಿದುಕೊಳ್ಳುವವರು ಇನ್ನೂ ಇದ್ದಾರೆ. ಇಷ್ಟಕ್ಕೆಲ್ಲ ಸರ್ಕಾರ ಅವನಿಗೆ ಒಂದು ಪೈಸೆ ಕೊಡುವುದಿಲ್ಲ. ಸರ್ಕಾರದ ಕೆಲಸವನ್ನು ಅವನು ತನ್ನ ಖರ್ಚಿನಲ್ಲಿ ಮಾಡಿಕೊಡುತ್ತಾನೆ.

ತಪ್ಪಿದರೆ? ಇಲ್ಲಿ ದಂಡದ ಪ್ರಮಾಣ ನೋಡಿದರೆ ಬೇಸರವಾಗುತ್ತದೆ. ಕಡಿಯುವುದನ್ನೇ ಮರೆತರೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ, ಕಡಿದು ಕಟ್ಟದಿದ್ದರೆ ಒಂದೂವರೆ; ತಿಂಗಳ ತುಂಡೂ ಪೂರ್ತಿ ತಿಂಗಳೇ. ರಿಫಂಡ್ ತಡವಾದಾಗ ಸರ್ಕಾರ ಕೊಡುವ ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಿವರಪಟ್ಟಿ ತಡವಾದರೆ 234ಇ ಪ್ರಕಾರ ದಿನಕ್ಕೆ 200 ರೂಪಾಯಿ ಶುಲ್ಕ, ಮುರಿದ ತೆರಿಗೆಯಷ್ಟಾಗುವವರೆಗೆ. ಪೀಣ್ಯದ ನಮ್ಮ ಸಂಸ್ಥೆ ಆ ತ್ರೈಮಾಸಿಕದಲ್ಲಿ ಮುರಿದದ್ದು ಆ 1,120 ಮಾತ್ರ ಎಂದರೆ ಆರು ದಿನ ತಡವಾದರೆ ಸಾಕು, ಶುಲ್ಕ ತೆರಿಗೆಯಷ್ಟೇ ಆಗುತ್ತದೆ. ದೊಡ್ಡ ಕಂಪನಿಗೆ ದಿನಕ್ಕೆ 200 ಲೆಕ್ಕಕ್ಕೇ ಇಲ್ಲ. ಸಣ್ಣವನಿಗೆ ಅದೇ ಮೊತ್ತ ನೂರಕ್ಕೆ ನೂರು.

ಈ ಶುಲ್ಕದ ಚರಿತ್ರೆಯಲ್ಲಿ ಕರ್ನಾಟಕ ಹೈಕೋರ್ಟಿಗೆ ಒಂದು ದೊಡ್ಡ ಜಾಗವಿದೆ. 234ಇ ಜಾರಿಗೆ ಬಂದದ್ದು 2012ರ ಜುಲೈಯಲ್ಲಿ. ಆದರೆ ವಿವರಪಟ್ಟಿ ಸಂಸ್ಕರಿಸುವಾಗಲೇ ಆ ಶುಲ್ಕ ಲೆಕ್ಕ ಹಾಕುವ ಅಧಿಕಾರವನ್ನು ಕಾಯ್ದೆಯ 200ಎಗೆ ಸೇರಿಸಿದ್ದು 2015ರ ಜೂನ್ 1ರಂದು. ನಡುವಿನ ಅವಧಿಗೂ ಸಾವಿರಾರು ಸಣ್ಣ ಸಂಸ್ಥೆಗಳಿಗೆ ನೋಟಿಸ್ ಹೋದವು. 2016ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, 2015ರ ಜೂನ್ 1ಕ್ಕೂ ಹಿಂದಿನ ಅವಧಿಗೆ 200ಎ ಅಡಿಯಲ್ಲಿ ಈ ಶುಲ್ಕ ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಬೇರೆ ಹೈಕೋರ್ಟುಗಳಲ್ಲಿ ಬೇರೆ ಅಭಿಪ್ರಾಯಗಳೂ ಬಂದವು. ಆದರೆ ದೇಶದ ಎಷ್ಟೋ ಟ್ರಿಬ್ಯೂನಲ್ ಪೀಠಗಳಲ್ಲಿ ಸಣ್ಣವರ ಪರವಾಗಿ ನಿಂತದ್ದು ಬೆಂಗಳೂರಿನ ಈ ತೀರ್ಪು.

ಬಡ್ಡಿಗಿಂತ, ಶುಲ್ಕಕ್ಕಿಂತ ಕಠಿಣವಾದದ್ದು ಖರ್ಚನ್ನೇ ಒಪ್ಪದಿರುವ ನಿಯಮ. ಟಿಡಿಎಸ್ ಮಾಡದ ಪಾವತಿಯ 30 ಪರ್ಸೆಂಟನ್ನು ಖರ್ಚೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಸ್ಥೆಯೊಂದು ಫ್ಯಾಬ್ರಿಕೇಷನ್ ಗುತ್ತಿಗೆದಾರನಿಗೆ ನಾಲ್ಕು ಲಕ್ಷ ಕೊಟ್ಟು 4,000 ಮುರಿಯುವುದನ್ನು ಮರೆಯಿತು ಎನ್ನಿ. 1,20,000 ರೂಪಾಯಿ ಅದರ ಲಾಭಕ್ಕೆ ಸೇರುತ್ತದೆ. ಸಂಸ್ಥೆಯ ತೆರಿಗೆ ಸೆಸ್ ಸೇರಿ 31.2 ಪರ್ಸೆಂಟ್, ಅಂದರೆ 37,440 ರೂಪಾಯಿ. ನಾಲ್ಕು ಸಾವಿರ ಮರೆತದ್ದಕ್ಕೆ ಮೂವತ್ತೇಳು ಸಾವಿರ! 2014ರ ತಿದ್ದುಪಡಿಗೆ ಮೊದಲು ಖರ್ಚು ಪೂರ್ತಿಯಾಗಿ ತಿರಸ್ಕೃತವಾಗುತ್ತಿತ್ತು ಎಂಬುದು ನೆನಪಿದ್ದರೆ ಇದು ಸುಧಾರಣೆಯೇ. ಗುತ್ತಿಗೆದಾರ ಆ ಆದಾಯ ತೋರಿಸಿ ತೆರಿಗೆ ಕಟ್ಟಿದ್ದಾನೆ ಎಂದು ಲೆಕ್ಕ ಪರಿಶೋಧಕರಿಂದ ಪ್ರಮಾಣಪತ್ರ ತಂದರೆ ಬಿಡುಗಡೆಯೂ ಇದೆ. ಆದರೆ ಕೆಲಸ ಮುಗಿಸಿ ಊರಿಗೆ ಹೋದ ಮೇಸ್ತ್ರಿಯನ್ನು ಹುಡುಕಿ ಅವನ ರಿಟರ್ನ್ ಕೇಳುವುದು ಎಷ್ಟು ಜನರಿಗೆ ಸಾಧ್ಯ? ಅಂದಾಜು ಪದ್ಧತಿ ಆರಿಸಿಕೊಂಡ ಸಣ್ಣವರಿಗೆ ಖರ್ಚಿನ ಲೆಕ್ಕವೇ ಬೇಕಿಲ್ಲದ್ದರಿಂದ ಈ ಏಟು ಅಷ್ಟಾಗಿ ತಗಲುವುದಿಲ್ಲ. ಬಡ್ಡಿ, ಶುಲ್ಕ ಮಾತ್ರ ಅವರಿಗೂ ತಪ್ಪಿದ್ದಲ್ಲ.

ಕಡಿದುಕೊಂಡು ಸರ್ಕಾರಕ್ಕೆ ಕಟ್ಟದವರ ವಿಷಯ ಬೇರೆ. ಅದು ಮರೆವಲ್ಲ, ಬೇರೆಯವರ ಹಣ ಬಳಸಿಕೊಂಡದ್ದು. ಅದಕ್ಕೆ ಮೂರು ತಿಂಗಳಿನಿಂದ ಏಳು ವರ್ಷದವರೆಗೆ ಕಠಿಣ ಸಜೆ ಎಂದು ಕಾಯ್ದೆ ಹೇಳುತ್ತಿತ್ತು. ಆ ತ್ರೈಮಾಸಿಕದ ವಿವರಪಟ್ಟಿಯ ಗಡುವಿನೊಳಗೆ ಹಣ ಕಟ್ಟಿಬಿಟ್ಟರೆ ಮೊಕದ್ದಮೆ ಇಲ್ಲ ಎಂಬ ಸಡಿಲಿಕೆಯನ್ನು 2024ರಲ್ಲಿ ತಂದರು. ಸರಿಯಾದ ಸಡಿಲಿಕೆ ಎಂದೇ ನನ್ನ ಅಭಿಪ್ರಾಯ. ಆದರೆ ಮುರಿದ ಹಣವನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಳ್ಳುವವರಿಗೆ ಕನಿಕರ ತೋರಿಸಲು ನನಗೆ ಮನಸ್ಸಿಲ್ಲ. ಅವರಿಂದ ನಿಜವಾಗಿ ಕೆಡುವುದು ಗುತ್ತಿಗೆದಾರನ ಬದುಕು.

ಹೇಗೆ ಎಂದರೆ, ಗುತ್ತಿಗೆದಾರ ರಿಟರ್ನ್ ಹಾಕಿದಾಗ ಬೆಂಗಳೂರಿನಲ್ಲಿರುವ ತೆರಿಗೆ ಇಲಾಖೆಯ ಸಂಸ್ಕರಣಾ ಕೇಂದ್ರ ಸಿಪಿಸಿ ಅದನ್ನು ಸಂಸ್ಕರಿಸುತ್ತದೆ. ಅವನು ಕೇಳಿದ ಟಿಡಿಎಸ್ ಅವನ ತೆರಿಗೆ ಜಮೆ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತದೆಯೇ ಎಂದು ಕಂಪ್ಯೂಟರ್ ತಾಳೆ ಹಾಕುತ್ತದೆ. ಹಣ ಕೊಟ್ಟವನು ಚಲನ್ ಕಟ್ಟಿಲ್ಲದಿದ್ದರೆ, ಕಟ್ಟಿಯೂ ವಿವರಪಟ್ಟಿ ಹಾಕದಿದ್ದರೆ, ಹಾಕಿಯೂ ಪ್ಯಾನಿನ ಒಂದು ಅಕ್ಷರ ತಪ್ಪಾಗಿದ್ದರೆ ಅಲ್ಲಿ ಏನೂ ಇರುವುದಿಲ್ಲ. ತೆರಿಗೆ ಮೊದಲೇ ಕೊಟ್ಟವನಿಗೆ ಮತ್ತೆ ಅದೇ ತೆರಿಗೆ, ಮೇಲೆ ಬಡ್ಡಿ ಕಟ್ಟು ಎಂಬ ಬೇಡಿಕೆ ಬರುತ್ತದೆ. ಕಾಯ್ದೆಯ 205 ಇದನ್ನು ಸ್ಪಷ್ಟವಾಗಿ ತಡೆದಿದೆ: ಮೂಲದಲ್ಲಿ ಕಡಿದ ಮಟ್ಟಿಗೆ ಆದಾಯ ಪಡೆದವನಿಂದ ನೇರವಾಗಿ ತೆರಿಗೆ ಕೇಳುವಂತಿಲ್ಲ. ಬಾಡಿಗೆದಾರ ಟಿಡಿಎಸ್ ಮುರಿದು ಸರ್ಕಾರಕ್ಕೆ ಕಟ್ಟದೆ ಹೋದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2005ರಲ್ಲೇ, ಆ ಹಣವನ್ನು ಕಟ್ಟಡದ ಒಡತಿಯಿಂದ ವಸೂಲು ಮಾಡುವಂತಿಲ್ಲ ಎಂದಿದೆ. 2015ರ ಜೂನ್ 1ರಂದು ಸಿಬಿಡಿಟಿಯೇ ತನ್ನ ಅಧಿಕಾರಿಗಳಿಗೆ, ಇಂಥ ಬೇಡಿಕೆಯನ್ನು ಬಲವಂತವಾಗಿ ವಸೂಲು ಮಾಡಬೇಡಿ ಎಂದು ಬರೆದಿದೆ. ಕಾನೂನು, ಕೋರ್ಟು, ಮಂಡಳಿ ಮೂರೂ ಗುತ್ತಿಗೆದಾರನ ಪರವಾಗಿವೆ. ಆದರೂ ತಾಳೆಯಾಗದಿದ್ದರೆ ಬೇಡಿಕೆ ಹೊರಡುತ್ತಲೇ ಇರುತ್ತದೆ, ಮುಂದಿನ ವರ್ಷದ ರಿಫಂಡನ್ನು ಅದಕ್ಕೆ ಮುರಿದುಕೊಳ್ಳುವುದೂ ಇದೆ. ಹಕ್ಕು ಪುಸ್ತಕದಲ್ಲಿದೆ, ತಂತ್ರಾಂಶದಲ್ಲಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

ಹೊಸ ಕಾಯ್ದೆಯಲ್ಲಿ ವಿವರಪಟ್ಟಿ ತಿದ್ದುವ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿದ್ದಾರೆ. ಹಣ ಕೊಟ್ಟವನ ತಪ್ಪು ಗೊತ್ತಾಗುವುದು ಬಹುಪಾಲು ಪಡೆದವನ ರಿಟರ್ನ್ ಸಂಸ್ಕರಣೆಯಾದ ಮೇಲೆ. ಹಾಗಾಗಿ ಗುತ್ತಿಗೆದಾರ ತನ್ನ 26ಎಎಸ್ ಮತ್ತು 2021ರ ನವೆಂಬರಿನಿಂದ ಬಂದಿರುವ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್ ಅನ್ನು ವರ್ಷಾಂತ್ಯಕ್ಕೆ ಕಾಯದೆ ತ್ರೈಮಾಸಿಕಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಮೊಬೈಲಿನಲ್ಲೇ ಆಗುವ ಕೆಲಸ. ಪ್ಯಾನ್ ಕೊಡದಿದ್ದರೆ ಕಡಿತ 20 ಪರ್ಸೆಂಟ್. ಪ್ಯಾನ್‌ಗೆ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೂ 20. ಎಷ್ಟೋ ಮೇಸ್ತ್ರಿಗಳ ಪ್ಯಾನ್ ಹೀಗೆ ನಿಷ್ಕ್ರಿಯವಾಗಿದ್ದು ಗೊತ್ತಿಲ್ಲದೆ 1 ಪರ್ಸೆಂಟ್ ಮುರಿದ ಸಣ್ಣ ಸಂಸ್ಥೆಗಳಿಗೆ ಉಳಿದ 19 ಪರ್ಸೆಂಟಿನ ನೋಟಿಸ್ ಹೋಯಿತು. 2024ರಲ್ಲೂ 2025ರಲ್ಲೂ ಸಿಬಿಡಿಟಿ ಸುತ್ತೋಲೆ ಹೊರಡಿಸಿ ಕೆಲವು ಸಂದರ್ಭಗಳಿಗೆ ರಿಯಾಯಿತಿ ಕೊಡಬೇಕಾಯಿತು. ರಿಟರ್ನ್ ಹಾಕದವರಿಗೆ ದುಬಾರಿ ದರದಲ್ಲಿ ಕಡಿಯಬೇಕೆಂದು 2021ರಲ್ಲಿ ತಂದಿದ್ದ 206ಎಬಿಯನ್ನು 2025ರ ಏಪ್ರಿಲಿನಿಂದ ಕೈಬಿಟ್ಟದ್ದು ಒಳ್ಳೆಯದಾಯಿತು. ಇನ್ನೊಬ್ಬನ ರಿಟರ್ನನ್ನು ಅಂಗಡಿಯವನು ತಪಾಸಣೆ ಮಾಡಬೇಕೆಂಬುದು ಅತಿಯಾಗಿತ್ತು.

ಎಲ್ಲ 'ಗುತ್ತಿಗೆದಾರ'ರೂ ನಿಜವಾಗಿ ಗುತ್ತಿಗೆದಾರರೇ ಎಂಬ ಪ್ರಶ್ನೆಯೂ ಇದರೊಳಗೆ ಸೇರಿಕೊಂಡಿದೆ. ದಿನಾ ಒಂಬತ್ತಕ್ಕೆ ಬಂದು, ಹಾಜರಿ ಹಾಕಿ, ರಜೆ ಕೇಳಿ ಪಡೆಯುವ ನೌಕರನಿಗೆ ಸಂಬಳದ ಬದಲು 'ಕನ್ಸಲ್ಟೆಂಟ್ ಶುಲ್ಕ' ಕೊಟ್ಟು ಹತ್ತು ಪರ್ಸೆಂಟ್ ಮುರಿದರೆ ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಎಲ್ಲದರ ಖರ್ಚು ಮಾಲೀಕನಿಗೆ ಉಳಿಯುತ್ತದೆ. ಸಣ್ಣ ಖಾಸಗಿ ಕಾಲೇಜು, ಕ್ಲಿನಿಕ್, ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದನ್ನು ನೋಡದವರಿಲ್ಲ. ಆಸ್ಪತ್ರೆಯ ಡಾಕ್ಟರುಗಳ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2015ರ ಒಂದು ಪ್ರಕರಣದಲ್ಲಿ ಒಪ್ಪಂದದ ಷರತ್ತುಗಳನ್ನು ಒಂದೊಂದಾಗಿ ನೋಡಿ, ಅವರು ನೌಕರರಲ್ಲ, ವೃತ್ತಿಪರರು ಎಂದು ತೀರ್ಮಾನಿಸಿತು. ಆ ತೀರ್ಪು ಸ್ವತಂತ್ರವಾಗಿ ರೋಗಿಗಳನ್ನು ನೋಡುವ ಡಾಕ್ಟರಿಗೆ ಹೊಂದುತ್ತದೆ. ತಿಂಗಳಿಗೆ 18,000ಕ್ಕೆ ದುಡಿಯುವ ಲ್ಯಾಬ್ ಸಹಾಯಕಿಗೆ ಅದನ್ನು ಗುರಾಣಿಯಾಗಿ ಹಿಡಿಯುವುದು ಅನ್ಯಾಯ. ಟಿಡಿಎಸ್ ಸೆಕ್ಷನ್ ಬದಲಾಯಿಸಿದ ಮಾತ್ರಕ್ಕೆ ದುಡಿಮೆಯ ಸಂಬಂಧ ಬದಲಾಗುವುದಿಲ್ಲ.

ಬೇರೆ ದೇಶಗಳು ಏನು ಮಾಡುತ್ತವೆ? ಬ್ರಿಟನ್ ಕಟ್ಟಡ ಉದ್ಯಮಕ್ಕೆ ಮಾತ್ರ ನಮ್ಮಂಥದೇ ಕಡಿತ ಇಟ್ಟುಕೊಂಡಿದೆ. ನೋಂದಾಯಿಸಿಕೊಂಡ ಉಪಗುತ್ತಿಗೆದಾರನಿಗೆ 20 ಪರ್ಸೆಂಟ್, ನೋಂದಾಯಿಸದವನಿಗೆ 30. ತೆರಿಗೆ ಸರಿಯಾಗಿ ಕಟ್ಟುತ್ತ ಬಂದು ಅರ್ಹತೆ ಗಳಿಸಿದವನಿಗೆ ಸೊನ್ನೆ. ಅಲ್ಲಿ ಕಡಿತ ಸಾಮಗ್ರಿಯ ಬೆಲೆ ಬಿಟ್ಟು ಉಳಿದದ್ದರ ಮೇಲೆ ಎಂಬುದು ಗಮನಿಸಬೇಕಾದ ಅಂಶ. ಅಮೆರಿಕದ ದಾರಿ ಬೇರೆ. ಸ್ವತಂತ್ರ ಗುತ್ತಿಗೆದಾರನಿಗೆ ಕೊಟ್ಟದ್ದನ್ನು 1099-ಎನ್‌ಇಸಿ ಎಂಬ ನಮೂನೆಯಲ್ಲಿ ಜನವರಿ 31ರೊಳಗೆ ಅವನಿಗೂ ಸರ್ಕಾರಕ್ಕೂ ತಿಳಿಸಬೇಕು, ಅಷ್ಟೇ, ಕಡಿತವಿಲ್ಲ. ತೆರಿಗೆ ಸಂಖ್ಯೆ ಕೊಡದವನಿಗೆ ಮಾತ್ರ 24 ಪರ್ಸೆಂಟ್ ಹಿಡಿಯುತ್ತಾರೆ. ವರದಿಯ ಮಿತಿ ದಶಕಗಳ ಕಾಲ 600 ಡಾಲರಿನಲ್ಲೇ ನಿಂತಿತ್ತು. 2025ರ ಜುಲೈನ ಕಾನೂನು ಅದನ್ನು 2026ರ ಪಾವತಿಗಳಿಂದ 2,000 ಡಾಲರಿಗೆ ಏರಿಸಿದೆ, ಮುಂದೆ ಬೆಲೆ ಏರಿಕೆಗೆ ತಕ್ಕಂತೆ ಅದೂ ಏರುತ್ತದೆ. ಹೊರೆ ಹೆಚ್ಚಾದರೆ ಸಣ್ಣವರು ಸುಮ್ಮನಿರುವುದಿಲ್ಲ ಎಂಬುದಕ್ಕೂ ಅಲ್ಲೊಂದು ನಿದರ್ಶನವಿದೆ: ಸರಕು ಖರೀದಿಗೂ ಕಂಪನಿಗಳಿಗೆ ಕೊಡುವ ಹಣಕ್ಕೂ ಈ ವರದಿಯನ್ನು ವಿಸ್ತರಿಸಲು 2010ರಲ್ಲಿ ಮಾಡಿದ ಕಾನೂನನ್ನು ಜಾರಿಗೆ ಬರುವ ಮೊದಲೇ 2011ರಲ್ಲಿ ರದ್ದು ಮಾಡಬೇಕಾಯಿತು.

ಕಡಿತವಿಲ್ಲದೆ ಬರೀ ವರದಿಯಿಂದ ತೆರಿಗೆ ಬರುತ್ತದೆಯೇ ಎಂಬ ಅನುಮಾನಕ್ಕೆ ಅಮೆರಿಕದ ತೆರಿಗೆ ಇಲಾಖೆಯ ಅಧ್ಯಯನದಲ್ಲೇ ಉತ್ತರವಿದೆ. 2014ರಿಂದ 2016ರ ತೆರಿಗೆ ವರ್ಷಗಳ ಅದರ ಅಂದಾಜಿನಲ್ಲಿ, ಕಡಿತವೂ ವರದಿಯೂ ಇರುವ ಆದಾಯದಲ್ಲಿ ಮುಚ್ಚಿಟ್ಟದ್ದು ಸುಮಾರು 1 ಪರ್ಸೆಂಟ್. ಕಡಿತವಿಲ್ಲದೆ ಬಲವಾದ ವರದಿ ಮಾತ್ರ ಇರುವಲ್ಲಿ 6. ಎರಡೂ ಇಲ್ಲದಲ್ಲಿ 55. ಐವತ್ತೈದರಿಂದ ಆರಕ್ಕೆ ಇಳಿಸುವ ಕೆಲಸವನ್ನು ವರದಿಯೇ ಮಾಡುತ್ತದೆ. ಆರರಿಂದ ಒಂದಕ್ಕೆ ಇಳಿಸಲು ಮಾತ್ರ ಕಡಿತ ಬೇಕು.

ಹಾಗೆಂದು ಅಮೆರಿಕದ ನಮೂನೆಯನ್ನು ಇಲ್ಲಿಗೆ ಹೊತ್ತು ತರಬೇಕಿಲ್ಲ. ನಮ್ಮ ಕಾಯ್ದೆಯಲ್ಲೇ ಅಂಥದೊಂದು ವ್ಯವಸ್ಥೆ ವರ್ಷಗಳಿಂದ ನಡೆದಿದೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳಿರುವ ಲಾರಿ ಮಾಲೀಕ ತನ್ನ ಪ್ಯಾನ್ ಜೊತೆ ಒಂದು ಘೋಷಣೆ ಬರೆದುಕೊಟ್ಟರೆ ಅವನ ಬಾಡಿಗೆಯಿಂದ ಏನೂ ಮುರಿಯುವುದಿಲ್ಲ. ಹಣ ಕೊಟ್ಟವನು ಆ ಪಾವತಿಯನ್ನು 26ಕ್ಯೂನಲ್ಲಿ 'ಟಿ' ಎಂಬ ಗುರುತು ಹಾಕಿ ತೋರಿಸುತ್ತಾನೆ. ಕಡಿತ ಸೊನ್ನೆ, ವರದಿ ಪೂರ್ತಿ. 2015ರ ಜೂನಿನಿಂದ ಇದು ಈ ರೂಪದಲ್ಲಿ ಜಾರಿಯಲ್ಲಿದೆ.

ಇದನ್ನೇ ಲೇತ್ ಶೆಡ್ಡಿನವನಿಗೆ, ಪೇಂಟಿಂಗ್ ಮೇಸ್ತ್ರಿಗೆ, ಹೊಲಿಗೆಯ ಜಾಬ್ ವರ್ಕ್ ಮಾಡುವ ಮಹಿಳೆಗೆ, ಅಂದಾಜು ಪದ್ಧತಿಯಲ್ಲಿ ತೆರಿಗೆ ತೋರಿಸುವ ಚಿಕ್ಕ ವೃತ್ತಿಪರರಿಗೆ ಯಾಕೆ ವಿಸ್ತರಿಸಬಾರದು? ಪ್ಯಾನ್ ಸಕ್ರಿಯವಾಗಿರಬೇಕು, ಘೋಷಣೆ ಇರಬೇಕು, ಹಣ ಬ್ಯಾಂಕಿನ ಮೂಲಕವೇ ಹೋಗಬೇಕು ಎಂಬ ಷರತ್ತು ಹಾಕಲಿ. ದಿನಕ್ಕೆ ಒಬ್ಬನಿಗೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಖರ್ಚು ಒಪ್ಪದ ನಿಯಮ ಹೇಗೂ ಇದೆ. ವರದಿಯಲ್ಲಿ ಹೆಸರು ಬಂದವನು ರಿಟರ್ನ್ ಹಾಕದಿದ್ದರೆ ಎಐಎಸ್ ನೋಡಿ ಅವನನ್ನು ಕೇಳುವ ಶಕ್ತಿ ಇಲಾಖೆಗೆ ಇವತ್ತು ಇದೆ, 1972ರಲ್ಲಿ ಇರಲಿಲ್ಲ. ಪಾಲುದಾರಿಕೆ ಸಂಸ್ಥೆಗೂ ಒಂದು ಕೋಟಿಯ ಅದೇ ಮಿತಿ ಕೊಡಬೇಕು; ತಡವಾದ ವಿವರಪಟ್ಟಿಗೆ ದಿನಕ್ಕೆ 200ರ ಬದಲು ವಹಿವಾಟಿಗೆ ತಕ್ಕ ಶುಲ್ಕ ಇರಬೇಕು.

ಇದರಿಂದ ಖಜಾನೆಗೆ ಹಣ ಕೈಸೇರುವುದು ಕೆಲವು ತಿಂಗಳು ತಡವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದು ನಿಜವೂ ಹೌದು. ಆದರೆ ಒಂದು ಪರ್ಸೆಂಟ್ ದರದಲ್ಲಿ ಸಣ್ಣವರಿಂದ ಹಿಡಿದ ಹಣದಲ್ಲಿ ಒಳ್ಳೆಯ ಪಾಲು, 12 ಲಕ್ಷದವರೆಗಿನ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ರಿಯಾಯಿತಿ (ರಿಬೇಟ್) ಸಿಕ್ಕು ತೆರಿಗೆ ಸೊನ್ನೆಯಾಗುವ ಈ ಕಾಲದಲ್ಲಿ, ರಿಫಂಡಾಗಿಯೇ ಹಿಂದಿರುಗಬೇಕು. ರಿಟರ್ನ್ ಹಾಕಲು ಗೊತ್ತಿಲ್ಲದವನದು ಹಿಂದಿರುಗುವುದೇ ಇಲ್ಲ. ವರದಿ ಮಾತ್ರ ಅವನಿಗೂ ಬೇಕು. ಮೆಷಿನ್ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಕೇಳುವುದು ಎರಡು-ಮೂರು ವರ್ಷದ ರಿಟರ್ನ್ ಮತ್ತು 26ಎಎಸ್. ಲೇತ್ ಶೆಡ್ಡಿನವನಿಗೆ ತಾನು ದುಡಿದದ್ದಕ್ಕೆ ಇರುವ ಒಂದೇ ಲಿಖಿತ ಸಾಕ್ಷಿ ಅದು. ಪ್ಲಾಟ್‌ಫಾರ್ಮ್ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾಯ್ದೆ ಪ್ರತಿ ಪಾವತಿಯ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡುವಂತೆ ಹೇಳುತ್ತದೆ. ಅಲ್ಲಿ ಪಾವತಿ ದಾಖಲಾದರೆ ಕಾರ್ಮಿಕನ ಕೈಯಿಂದ ಏನೂ ಹೋಗುವುದಿಲ್ಲ, ಬದಲಿಗೆ ಅವನಂಥವರ ಕಲ್ಯಾಣಕ್ಕೆ ಹಣ ಸೇರುತ್ತದೆ. ಆ್ಯಪ್ ಇಲ್ಲದೆ, ಶೆಡ್ಡಿನಲ್ಲಿ, ಕಟ್ಟಡದ ಸಾರುವೆಯ ಮೇಲೆ ದುಡಿಯುವ ಸ್ವತಂತ್ರ ಗುತ್ತಿಗೆದಾರನ ಪಾವತಿ ದಾಖಲೆಯನ್ನೂ ಇದೇ ಬಗೆಯ ವಿಮೆಗೆ, ಪಿಂಚಣಿಗೆ ಆಧಾರ ಮಾಡುವ ಕೆಲಸ ಇನ್ನೂ ಯಾವ ಸರ್ಕಾರದಿಂದಲೂ ಶುರುವಾಗಿಲ್ಲ.